ಮನೆಯ ಪಾಸ್‌ವರ್ಡ್ ಮನೆಯವರ ಕೈಲಿರಲಿ: ಪಾಸ್‌ವರ್ಡ್ ಮ್ಯಾನೇಜರ್ ಆರಿಸುವ ಸೂತ್ರಗಳು

"ಚಿಂತಿ ಮಾಡಬ್ಯಾಡ್ರಿ ಕಾಕಾ, ಪಾಸ್‌ವರ್ಡ್ ನನ್ನ ಬಲ್ಲಿ ಅದಾ."

ಬೀದರ್ ಜಿಲ್ಲೆಯ ಔರಾದ, ಕಮಲನಗರ, ಭಾಲ್ಕಿ ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ದಿನಾ ಕೇಳಿಬರುವ ಮಾತು ಇದು. ಹೇಳುವ ಹುಡುಗ ಒಳ್ಳೆಯವನೇ. ಸಾಲುಗಟ್ಟಿ ನಿಂತವರ ಅರ್ಜಿಗಳನ್ನು ರಾತ್ರಿವರೆಗೂ ತುಂಬುತ್ತಾನೆ. ಸರ್ವರ್ ಕೈಕೊಟ್ಟರೆ ಮರುದಿನ ಕರೆದು ಮುಗಿಸಿಕೊಡುತ್ತಾನೆ. ಆದರೆ ಅವನ ಮೇಜಿನ ಮೇಲಿನ ಡೈರಿಯಲ್ಲಿ ಊರಿನ ಎಷ್ಟೋ ಮನೆಗಳ ಪಾಸ್‌ವರ್ಡ್ ಬರೆದಿರುತ್ತದೆ. ಅವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಅಟ್ ಚಿಹ್ನೆ, ಆಮೇಲೆ 123. ಒಂದು ಸಾಲು ನೋಡಿದವನಿಗೆ ಇಡೀ ಪುಟ ಗೊತ್ತಾದಂತೆ.

ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದೋ ಮಕ್ಕಳ ಕಾಲೇಜಿಗೆಂದೋ ಈಗ ಬಹಳ ಮನೆಗಳಿಗೆ ಲ್ಯಾಪ್‌ಟಾಪ್ ಬಂದಿದೆ. ಕಂಪ್ಯೂಟರ್ ಮನೆಗೆ ಬಂತು, ಪಾಸ್‌ವರ್ಡ್ ಮಾತ್ರ ಇನ್ನೂ ಬಂದಿಲ್ಲ. ನಮ್ಮ ಜುಟ್ಟು ಬೇರೆಯವರ ಕೈಯಲ್ಲೇ ಉಳಿದಿದೆ. ಅದನ್ನು ಬಿಡಿಸಿಕೊಳ್ಳುವ ಸಾಧನ ಪಾಸ್‌ವರ್ಡ್ ಮ್ಯಾನೇಜರ್. ಎಲ್ಲ ಪಾಸ್‌ವರ್ಡ್‌ಗಳನ್ನೂ ಗೂಢಲಿಪಿಯಲ್ಲಿ ಬಚ್ಚಿಟ್ಟು, ಒಂದೇ ಒಂದು ಮುಖ್ಯ ಪಾಸ್‌ವರ್ಡ್ ಹೇಳಿದಾಗ ಮಾತ್ರ ತೆರೆಯುವ ಸಾಫ್ಟ್‌ವೇರ್ ಇದು. ಹೊಸ ಪಾಸ್‌ವರ್ಡ್ ಹುಟ್ಟಿಸುವುದು, ಲಾಗಿನ್ ಪುಟದಲ್ಲಿ ತುಂಬುವುದು ಅದರದೇ ಕೆಲಸ. ಯಾವುದನ್ನು ಆರಿಸಬೇಕು, ಹೇಗೆ ಶುರು ಮಾಡಬೇಕು? ನಮ್ಮ ಕಡೆಯ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡೇ ಹೇಳುತ್ತೇನೆ.

1. ಮೊದಲು ಮನೆಯ ಲೆಕ್ಕ ಬರೆಯಿರಿ.

ಸಾಫ್ಟ್‌ವೇರ್ ಹುಡುಕುವುದು ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿ ಯಾರಿಗೆ ಯಾವ ಖಾತೆ ಇದೆ ಬರೆಯಿರಿ. ಹೊಲವೂ ಇದ್ದು ಒಬ್ಬರು ನೌಕರಿಯಲ್ಲೂ ಇರುವ ಸಾಧಾರಣ ಮನೆ ಎಂದುಕೊಳ್ಳೋಣ. ತಂದೆಗೆ ರೈತರ ಫ್ರೂಟ್ಸ್ ನೋಂದಣಿ, ಸೇವಾ ಸಿಂಧು, ಬ್ಯಾಂಕು. ನೌಕರಿಯವರಿಗೆ ಎಚ್‌ಆರ್‌ಎಂಎಸ್ ಅಥವಾ ಪಿಎಫ್, ಆದಾಯ ತೆರಿಗೆ. ಮಗಳಿಗೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ಮಗನಿಗೆ ಕೆಇಎ ಸಿಇಟಿ. ಎಲ್ಲರಿಗೂ ಜಿಮೇಲ್, ಡಿಜಿಲಾಕರ್, ಜೆಸ್ಕಾಂ ಕರೆಂಟ್ ಬಿಲ್ಲು, ರೈಲ್ವೆ ಟಿಕೆಟಿನ ಖಾತೆ. ಬರೆಯುತ್ತ ಹೋದಂತೆ ಹಾಳೆ ತುಂಬುತ್ತದೆ.

ಪ್ರತಿ ಖಾತೆಯ ಮುಂದೆ ಎರಡು ವಿಷಯ ಸೇರಿಸಿ: ಯಾವ ಮೊಬೈಲ್ ನಂಬರ್ ಕೊಟ್ಟಿದೆ, ಯಾವ ಇಮೇಲ್ ಕೊಟ್ಟಿದೆ. ಒಟಿಪಿಯಿಂದಲೇ ತೆರೆಯುವ ಪೋರ್ಟಲ್‌ಗಳಿಗೆ ಪಾಸ್‌ವರ್ಡ್ ಬೇಕಿಲ್ಲ ನಿಜ. ಅಲ್ಲಿ ಮೊಬೈಲ್ ನಂಬರೇ ಬೀಗದ ಕೈ. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರು ಸಿಮ್ ಬದಲಿಸುತ್ತಾರೆ, ಹಳೆಯದಕ್ಕೆ ರೀಚಾರ್ಜ್ ಬಿಡುತ್ತಾರೆ. ರದ್ದಾದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆ ಗಿರಾಕಿಗೆ ಕೊಡಬಹುದು. ಆಮೇಲೆ ನಿಮ್ಮ ಒಟಿಪಿ ಯಾರ ಕೈಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಈ ಹಾಳೆಯೇ ಮುಂದೆ ನಿಮ್ಮ ಮ್ಯಾನೇಜರಿನ ಮೊದಲ ಪಟ್ಟಿ.

2. ಬ್ಯಾಂಕಿನ ಲಾಕರೋ, ಮನೆಯ ಟ್ರಂಕೋ ಮೊದಲೇ ತೀರ್ಮಾನಿಸಿ.

ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಲಾಕರಿನಂತೆ: ಪೆಟ್ಟಿಗೆ ಕಂಪನಿಯ ಸರ್ವರ್‌ನಲ್ಲಿರುತ್ತದೆ, ಕೈ ಮಾತ್ರ ನಿಮ್ಮಲ್ಲಿರುತ್ತದೆ, ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಒಂದೇ ಪಟ್ಟಿ ತಾನಾಗಿ ಬರುತ್ತದೆ. ಬಿಟ್‌ವಾರ್ಡನ್, ಪ್ರೋಟಾನ್ ಪಾಸ್, 1ಪಾಸ್‌ವರ್ಡ್ ಈ ಜಾತಿಯವು. ಇನ್ನೊಂದು ಟ್ರಂಕಿನಂತೆ: ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಫೈಲ್ ಆಗಿರುತ್ತದೆ, ಹೊರಗೆ ಎಲ್ಲಿಗೂ ಹೋಗುವುದಿಲ್ಲ. 2003ರಲ್ಲಿ ಬಂದ ಕೀಪಾಸ್, ಅದೇ ಫೈಲ್ ಬಳಸುವ ಕೀಪಾಸ್‌ಎಕ್ಸ್‌ಸಿ ಈ ಜಾತಿ.

ಔರಾದದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಪರೀಕ್ಷೆ ಇದೆ: ನೆಟ್ ಹೋದಾಗ ಏನಾಗುತ್ತದೆ? ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ, ಕೇಬಲ್ಲೂ ಕಡಿಯುತ್ತದೆ. ಕೀಪಾಸ್‌ಎಕ್ಸ್‌ಸಿಗೆ ನೆಟ್ ಬೇಕೇ ಇಲ್ಲ. ಬಿಟ್‌ವಾರ್ಡನ್ ಒಮ್ಮೆ ಲಾಗಿನ್ ಆಗಿದ್ದರೆ ನೆಟ್ ಇಲ್ಲದಾಗಲೂ ಉಳಿಸಿದ್ದನ್ನು ತೋರಿಸುತ್ತದೆ, ಹೊಸದು ಸೇರಿಸಲು ಮಾತ್ರ ಬಿಡುವುದಿಲ್ಲ. ಎರಡೂ ನಮಗೆ ನಡೆಯುತ್ತವೆ. ಆರಿಸುವ ಮುನ್ನ ವೈಫೈ ಬಂದ್ ಮಾಡಿ ನೋಡಿ. ಆಗಲೂ ಪಟ್ಟಿ ತೆರೆದರೆ ಸರಿ, ತೆರೆಯದಿದ್ದರೆ ಅದನ್ನು ಬಿಡಿ.

3. ನನ್ನ ಶಿಫಾರಸು ನೇರವಾಗಿ ಇಲ್ಲಿದೆ.

ಮನೆಯಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಮೂರು ಆಂಡ್ರಾಯ್ಡ್ ಫೋನ್ ಇದ್ದರೆ ಬಿಟ್‌ವಾರ್ಡನ್ ತೆಗೆದುಕೊಳ್ಳಿ. 2016ರಿಂದ ಇದೆ. ಅದರ ಸೋರ್ಸ್ ಕೋಡ್ ಎಲ್ಲರೂ ನೋಡಬಹುದಾದಂತೆ ಮುಕ್ತವಾಗಿದೆ. ಉಚಿತ ಯೋಜನೆಯಲ್ಲೇ ಎಷ್ಟು ಪಾಸ್‌ವರ್ಡ್ ಆದರೂ, ಎಷ್ಟು ಸಾಧನಗಳಲ್ಲಾದರೂ ಇಡಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪ್ರತಿ ಖಾತೆಗೂ ಹೆಸರು ಕೊಡುವ ಜಾಗದಲ್ಲಿ ಕನ್ನಡದಲ್ಲೇ ಬರೆಯಬಹುದು: "ಅವ್ವನ ಬ್ಯಾಂಕು", "ಹೊಲದ ಫ್ರೂಟ್ಸ್", "ತಂಗಿ ಸ್ಕಾಲರ್‌ಶಿಪ್". ಮರಾಠಿ, ಉರ್ದು ಓದುವ ಮನೆಯವರು ತಮ್ಮ ಅಕ್ಷರದಲ್ಲೇ ಬರೆಯಲಿ, ತೊಂದರೆ ಇಲ್ಲ. ಇದು ಸಣ್ಣ ಅನುಕೂಲ ಅಂತ ತಳ್ಳಿಹಾಕಬೇಡಿ. ಇಂಗ್ಲಿಷ್ ಪಟ್ಟಿ ಕಂಡು ಹಿಂದೆ ಸರಿಯುವ ಮನೆಯ ಹಿರಿಯರು ತಮ್ಮ ಭಾಷೆಯ ಪಟ್ಟಿ ಕಂಡರೆ ತಾವೇ ಬೆರಳಿಟ್ಟು ಒತ್ತುತ್ತಾರೆ.

ಯಾವ ಕಂಪನಿಯ ಸರ್ವರನ್ನೂ ನಂಬುವುದಿಲ್ಲ ಎನ್ನುವವರಿಗೆ, ಒಂದೇ ಕಂಪ್ಯೂಟರ್ ಬಳಸುವವರಿಗೆ ಕೀಪಾಸ್‌ಎಕ್ಸ್‌ಸಿ. ಪೂರ್ತಿ ಉಚಿತ. ಆದರೆ ನಕಲು ಇಟ್ಟುಕೊಳ್ಳುವ ಹೊಣೆ ನಿಮ್ಮದೇ. ಆ ಫೈಲನ್ನು ಬೇರೆ ಬೇರೆ ಕಡೆ ಎರಡು ಪೆನ್‌ಡ್ರೈವ್‌ಗಳಲ್ಲಿ ಇಡಿ. ಆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಹೋಗಲೇಬೇಡಿ. ಅಲ್ಲಿಂದ ಬಂದ ಪೆನ್‌ಡ್ರೈವ್‌ನಲ್ಲಿ ವೈರಸ್ ಹತ್ತಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂರುವುದನ್ನು ಯಾರು ನೋಡಿಲ್ಲ! ಫೈಲ್ ಗೂಢಲಿಪಿಯಲ್ಲಿರುವುದರಿಂದ ಬೇರೆಯವರು ಓದಲಾರರು. ಆದರೆ ಹಾಳಾಗಿ ಹೋದರೆ ನೀವೂ ಓದಲಾರಿರಿ. ಉಳಿಸುವ ಹೊತ್ತಿಗೆ ಕರೆಂಟ್ ಹೋದರೆ ಏನು ಗತಿ ಎಂಬ ಭಯವಿದ್ದರೆ, ಉಳಿಸುವ ಮುನ್ನ ಹಳೆಯದರ ಪ್ರತಿ ಇಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ, ಹಚ್ಚಿಡಿ.

ಹಣ ಕೊಟ್ಟು ಕೊಳ್ಳಬೇಕೇ? ಹೆಚ್ಚಿನ ಮನೆಗಳಿಗೆ ಬೇಕಿಲ್ಲ.

4. ಬ್ರೌಸರ್ ಕೇಳುವ "ಉಳಿಸಲೇ?" ಪ್ರಶ್ನೆಗೆ ಯೋಚಿಸಿ ಉತ್ತರಿಸಿ.

ಕ್ರೋಮ್‌ನಲ್ಲೇ ಮ್ಯಾನೇಜರ್ ಇದೆಯಲ್ಲ, ಮತ್ತೊಂದು ಯಾಕೆ? ನ್ಯಾಯವಾದ ಪ್ರಶ್ನೆ. ನೀವೊಬ್ಬರೇ ಬಳಸುವ ಕಂಪ್ಯೂಟರ್, ಅದಕ್ಕೆ ವಿಂಡೋಸ್ ಲಾಕ್, ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ, ಈ ಮೂರೂ ಇದ್ದರೆ ಗೂಗಲ್‌ನದೇ ಸಾಕು. ಡೈರಿಗಿಂತ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ಪಾಲು ಮೇಲು.

ಆದರೆ ನಮ್ಮ ಮನೆಗಳ ಕಂಪ್ಯೂಟರ್ ಹಾಗಿರುವುದಿಲ್ಲ. ಒಂದೇ ಲ್ಯಾಪ್‌ಟಾಪ್, ಅದಕ್ಕೆ ಲಾಕ್ ಇಲ್ಲ, ಒಂದೇ ಕ್ರೋಮ್, ಅದರಲ್ಲಿ ಅಣ್ಣನ ಜಿಮೇಲ್. ಪಕ್ಕದ ಮನೆಯ ಹುಡುಗ ಪ್ರಾಜೆಕ್ಟ್ ಟೈಪ್ ಮಾಡಲು ಬಂದು ಕೂತರೂ ಬ್ಯಾಂಕಿನ ಪುಟದಲ್ಲಿ ಹೆಸರು, ಪಾಸ್‌ವರ್ಡ್ ತಾನಾಗಿ ತುಂಬಿಕೊಂಡು ನಿಲ್ಲುತ್ತದೆ. ಇಂಥ ಕಡೆ ಬೇರೆ ಮ್ಯಾನೇಜರ್ ಬೇಕೇ ಬೇಕು. ಅದು ಬಂದ ಮೇಲೆ ಬ್ರೌಸರಿನ ಉಳಿಸುವ ಆಯ್ಕೆಯನ್ನು ಮುಚ್ಚಲೂ ಬೇಕು. ಎರಡು ಕಡೆ ಪಾಸ್‌ವರ್ಡ್ ಇದ್ದರೆ ಯಾವುದು ಹೊಸದು ಯಾವುದು ಹಳೆಯದು ತಿಳಿಯದೆ ಒದ್ದಾಡುತ್ತೀರಿ.

5. ಕಂಪನಿಯ ಹಿಂದಿನ ಕಥೆ ಓದಿ, ಹೊರಬರುವ ಬಾಗಿಲು ನೋಡಿ.

2022ರಲ್ಲಿ ಲಾಸ್ಟ್‌ಪಾಸ್ ಎಂಬ ಹೆಸರಾಂತ ಮ್ಯಾನೇಜರಿನ ಒಳಕ್ಕೆ ಕಳ್ಳರು ನುಗ್ಗಿದರು. ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ ಪ್ರತಿಯನ್ನೇ ಹೊತ್ತೊಯ್ದರು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾರು ಯಾವ ವೆಬ್‌ಸೈಟಿನಲ್ಲಿ ಖಾತೆ ಇಟ್ಟಿದ್ದಾರೆಂಬುದು ಬಿಚ್ಚಿಯೇ ಇತ್ತು. ಗಟ್ಟಿ ಮುಖ್ಯ ಪಾಸ್‌ವರ್ಡ್ ಇಟ್ಟಿದ್ದವರ ಪೆಟ್ಟಿಗೆ ಕಳ್ಳರ ಕೈಯಲ್ಲಿದ್ದೂ ಮುಚ್ಚಿಯೇ ಉಳಿಯುತ್ತದೆ. ಸಡಿಲ ಪಾಸ್‌ವರ್ಡ್ ಇಟ್ಟವರದನ್ನು ಅವರು ನಿಧಾನವಾಗಿ ಕೂತು ಊಹಿಸಿ ತೆರೆಯಬಲ್ಲರು. ಮುಂದಿನ ಸೂತ್ರಗಳಲ್ಲಿ ಮುಖ್ಯ ಪಾಸ್‌ವರ್ಡ್ ಬಗ್ಗೆ ಅಷ್ಟು ಉದ್ದ ಹೇಳುವುದು ಇದಕ್ಕೇ.

ಇನ್ನೊಂದು ಅಪಾಯ, ಅಂಗಡಿಯೇ ಮುಚ್ಚುವುದು. ಫೈರ್‌ಫಾಕ್ಸ್‌ನವರ ಲಾಕ್‌ವೈಸ್ 2021ರಲ್ಲಿ ನಿಂತಿತು. ಮೈಕ್ರೋಸಾಫ್ಟ್ ಆಥೆಂಟಿಕೇಟರ್ ಪಾಸ್‌ವರ್ಡ್ ತುಂಬುವುದನ್ನು 2025ರಲ್ಲಿ ಬಿಟ್ಟಿತು. ಡ್ರಾಪ್‌ಬಾಕ್ಸ್ ಪಾಸ್‌ವರ್ಡ್ಸ್ ಕೂಡ ಅದೇ ವರ್ಷ ಮುಚ್ಚಿತು. ದೊಡ್ಡ ಹೆಸರು ಇದೆ ಅಂದಮಾತ್ರಕ್ಕೆ ಕಾಯಂ ಇರುತ್ತದೆ ಅಂತಲ್ಲ. ಆದ್ದರಿಂದ ಖಾತೆ ತೆರೆದ ದಿನವೇ ಎಕ್ಸ್‌ಪೋರ್ಟ್ ಆಯ್ಕೆ ಎಲ್ಲಿದೆ ಹುಡುಕಿ. ಎಲ್ಲವನ್ನೂ ಒಂದೇ ಫೈಲ್ ಆಗಿ ಹೊರತೆಗೆಯಲು ಬಿಡದ ಮ್ಯಾನೇಜರಿಗೆ ಕೈಮುಗಿದು ಬಿಟ್ಟುಬಿಡಿ. ಹೊರತೆಗೆದ ಸಿಎಸ್‌ವಿ ಫೈಲ್ ಬಿಚ್ಚು ಅಕ್ಷರದಲ್ಲಿರುತ್ತದೆ, ಯಾರಾದರೂ ಓದಬಹುದು. ಹೊಸ ಮ್ಯಾನೇಜರಿಗೆ ಏರಿಸಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

6. ಸರಿಯಾದ ಜಾಗದಿಂದ ಇಳಿಸಿಕೊಳ್ಳಿ.

ಗೂಗಲ್‌ನಲ್ಲಿ ಹುಡುಕಿದಾಗ ಮೇಲುಗಡೆ ಬರುವ ಜಾಹೀರಾತು ಒತ್ತಬೇಡಿ. 2023ರಲ್ಲಿ ಕೀಪಾಸ್ ಹೆಸರಿನದೇ ಜಾಹೀರಾತು ಕೊಟ್ಟು, ಅಸಲಿ ವಿಳಾಸದಂತೆಯೇ ಕಾಣುವ ನಕಲಿ ತಾಣಕ್ಕೆ ಜನರನ್ನು ಕರೆದೊಯ್ದು ವೈರಸ್ ಇಳಿಸಿದ್ದರು. ವಿಳಾಸವನ್ನು ನೀವೇ ಟೈಪ್ ಮಾಡಿ ಅಥವಾ ಮೈಕ್ರೋಸಾಫ್ಟ್ ಸ್ಟೋರ್, ಪ್ಲೇ ಸ್ಟೋರ್‌ನಿಂದ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಯಾವ ಹೆಸರಿನಲ್ಲಿ ಬಂದರೂ ಮುಟ್ಟಬೇಡಿ.

ಕಂಪ್ಯೂಟರೇ ಹಳೆಯದಾಗಿದ್ದರೆ? ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಕಳ್ಳ ಪ್ರತಿಯ ವಿಂಡೋಸ್, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ತುಂಬಿದ ಕಂಪ್ಯೂಟರಿನಲ್ಲಿ ನೀವು ಒತ್ತುವ ಪ್ರತಿ ಅಕ್ಷರವನ್ನೂ ಯಾರೋ ನೋಡುತ್ತಿರಬಹುದು. ಅಂಥದರಲ್ಲಿ ಎಂಥ ಮ್ಯಾನೇಜರ್ ಹಾಕಿದರೂ ವ್ಯರ್ಥ. ಮೊದಲು ಕಂಪ್ಯೂಟರ್ ಸ್ವಚ್ಛವಾಗಲಿ.

7. ಮುಖ್ಯ ಪಾಸ್‌ವರ್ಡ್‌ಗೆ ಒಂದು ಸಂಜೆ ಮೀಸಲಿಡಿ.

ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಇದೊಂದನ್ನು ನೀವು ನೆನಪಿಟ್ಟುಕೊಂಡರೆ ಉಳಿದದ್ದನ್ನೆಲ್ಲ ಮ್ಯಾನೇಜರ್ ನೆನಪಿಟ್ಟುಕೊಳ್ಳುತ್ತದೆ.

ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ಉಪದೇಶವನ್ನು ಮರೆಯಿರಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಆ ಮಾತು ಕೈಬಿಟ್ಟು, ಉದ್ದವೇ ಬಲ ಎಂದಿತು. 2025ರ ಪರಿಷ್ಕರಣೆಯಲ್ಲಿ, ಪಾಸ್‌ವರ್ಡ್ ಒಂದೇ ಕಾವಲಿರುವ ಕಡೆ ಕನಿಷ್ಠ 15 ಅಕ್ಷರ ಇರಲಿ ಎಂದು ಹೇಳಿದೆ. ನೆನಪಿನಲ್ಲಿ ಉಳಿಯುವಂಥ ಉದ್ದದ ಪಾಸ್‌ವರ್ಡ್ ಅಂದರೆ ಪದಗಳ ಸಾಲು. 1995ರಲ್ಲಿ ಹೊರಬಂದ ಡೈಸ್‌ವೇರ್ ಎಂಬ ಪದ್ಧತಿಯಲ್ಲಿ ದಾಳ ಉರುಳಿಸಿ 7,776 ಪದಗಳ ಪಟ್ಟಿಯಿಂದ ಒಂದೊಂದೇ ಪದ ಆರಿಸುತ್ತಾರೆ. ಆರು ಮುಖದ ದಾಳವನ್ನು ಐದು ಸಲ ಉರುಳಿಸಿದರೆ ಬರುವ ಸಾಧ್ಯತೆಗಳು ಅಷ್ಟೇ.

ನಮಗೆ ಇಂಗ್ಲಿಷ್ ಪಟ್ಟಿ ಬೇಕಿಲ್ಲ. ಮಕ್ಕಳ ಕನ್ನಡ ಪಠ್ಯಪುಸ್ತಕ ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಪುಟ ತೆರೆಯಿರಿ, ಬೆರಳಿಡಿ, ಬೆರಳಿಗೆ ಸಿಕ್ಕ ನಾಮಪದ ಬರೆದುಕೊಳ್ಳಿ. ಹೀಗೆ ಆರು ಪದ. ಉದಾಹರಣೆಗೆ: ತಕ್ಕಡಿ, ಮುಗಿಲು, ಬುತ್ತಿ, ಒನಕೆ, ನರಿ, ಕಿಟಕಿ. ಇಲ್ಲಿ ಅಚ್ಚಾದ ಮೇಲೆ ಇದೇ ಸಾಲನ್ನು ಮಾತ್ರ ಯಾರೂ ಇಡಬೇಡಿ. ಪುಸ್ತಕದಲ್ಲಿ ಬೇರೆ ಬೇರೆಯವು ಸಾವಿರ ಪದ ಇದ್ದರೂ ಆರು ಪದಗಳ ಸಾಲುಗಳ ಲೆಕ್ಕ 1ರ ಮುಂದೆ 18 ಸೊನ್ನೆ ಆಗುತ್ತದೆ. ಬಲ ಬರುವುದು ಪದದಿಂದಲ್ಲ, ಕಣ್ಣು ಮುಚ್ಚಿ ಆರಿಸಿದ್ದರಿಂದ. ನಿಮಗಿಷ್ಟವಾದ ವಚನದ ಸಾಲು, ಊರದೇವರು ಅಮರೇಶ್ವರನ ಹೆಸರು, ಮಗಳ ಹೆಸರು ಮತ್ತು ಹುಟ್ಟಿದ ವರ್ಷ, ಇವು ಯಾವುವೂ ಆಗುವುದಿಲ್ಲ. ನಿಮ್ಮನ್ನು ಬಲ್ಲವರು ಮೊದಲು ಊಹಿಸುವುದೇ ಅವನ್ನು.

ಒಂದು ಸೂಕ್ಷ್ಮ ಇದೆ. ಪಾಸ್‌ವರ್ಡನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬೇರೆ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಇರುತ್ತದೆಂಬ ಭರವಸೆ ಇಲ್ಲ. ಆಗ "ಬಾವಿ" ಬರೆಯುವಾಗ ಎ ಒಂದೋ ಎರಡೋ? "ಬುತ್ತಿ"ಗೆ ಟಿ ಎರಡರ ಜೊತೆ ಎಚ್ ಬೇಕೋ ಬೇಡವೋ? ಮರುದಿನ ಬೆಳಿಗ್ಗೆ ಅನುಮಾನ ಬರುವುದೇ ಇಲ್ಲಿ. ಮನೆಗೆಲ್ಲ ಒಂದೇ ನಿಯಮ ಮಾಡಿಕೊಳ್ಳಿ: ಯಾವ ಅಕ್ಷರವನ್ನೂ ಪಕ್ಕಪಕ್ಕದಲ್ಲಿ ಎರಡು ಸಲ ಬರೆಯುವುದಿಲ್ಲ, ದೀರ್ಘಕ್ಕೂ ಒತ್ತಿಗೂ ಒಂದೇ ಅಕ್ಷರ, ಪದಗಳ ನಡುವೆ ಒಂದು ಅಡ್ಡಗೆರೆ. ಬೆರಳಿಗೆ ರೂಢಿಯಾಗುವವರೆಗೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ದಿನಕ್ಕೆ ಎರಡು ಸಲ ಟೈಪ್ ಮಾಡಿ.

ಈ ಪಾಸ್‌ವರ್ಡನ್ನು ಸೆಂಟರಿನ ಕಂಪ್ಯೂಟರಿನಲ್ಲಿ, ಕಾಲೇಜು ಲ್ಯಾಬಿನಲ್ಲಿ, ನೆಂಟರ ಲ್ಯಾಪ್‌ಟಾಪಿನಲ್ಲಿ ಎಂದೂ ಒತ್ತಬೇಡಿ. ಹೊರಗಡೆ ಬೇಕಾದರೆ ನಿಮ್ಮ ಮೊಬೈಲ್ ನೋಡಿ ಆ ಒಂದು ಖಾತೆಯ ಪಾಸ್‌ವರ್ಡ್ ಮಾತ್ರ ಟೈಪ್ ಮಾಡಿ. ಮನೆಗೆ ಬಂದ ಮೇಲೆ ಅದನ್ನೂ ಬದಲಿಸಿ.

8. ಒಂದು ಕಂಪ್ಯೂಟರ್, ಆದರೆ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ.

ಮನೆಯವರೆಲ್ಲರ ಪಾಸ್‌ವರ್ಡ್ ಒಂದೇ ಪೆಟ್ಟಿಗೆಯಲ್ಲಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹತ್ತನೇ ತರಗತಿಯ ಹುಡುಗನಿಗೆ ತಂದೆಯ ಬ್ಯಾಂಕು ಬೇಕಿಲ್ಲ. ಪದವಿ ಓದುವ ಮಗಳ ಇಮೇಲ್ ಅಣ್ಣನ ಕೈಯಲ್ಲಿರಬೇಕಿಲ್ಲ. ಹೆಣ್ಣುಮಕ್ಕಳ ಖಾತೆಗಳ ಮೇಲೆ ಗಂಡಸರ ಕಾವಲು ಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಆಕೆಯ ವಿದ್ಯಾರ್ಥಿವೇತನ, ಆಕೆಯ ಇಮೇಲ್, ಆಕೆಯದೇ ಮುಖ್ಯ ಪಾಸ್‌ವರ್ಡ್. ವಿಂಡೋಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಖಾತೆ ಮಾಡಿ, ಪಿನ್ ಹಾಕಿ. ಕಂಪ್ಯೂಟರ್ ಬಿಟ್ಟು ಏಳುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತುವ ರೂಢಿ ಮನೆಗೆಲ್ಲ ಆಗಲಿ. ಮ್ಯಾನೇಜರ್ ಐದೋ ಹತ್ತೋ ನಿಮಿಷಕ್ಕೆ ತಾನೇ ಬೀಗ ಹಾಕಿಕೊಳ್ಳುವಂತೆ ಇಡಿ.

ಜೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್‌ನಂಥವು ಇಬ್ಬರಿಗೆ ಬೇಕಾಗುತ್ತವೆ. ಬಿಟ್‌ವಾರ್ಡನ್‌ನ ಉಚಿತ ಯೋಜನೆಯಲ್ಲೇ ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಅವಕಾಶವಿದೆ. ಗಂಡ ಹೆಂಡತಿಗೆ ಅದು ಸಾಕು.

9. ಸೆಂಟರಿನಿಂದ ಖಾತೆಗಳನ್ನು ಮನೆಗೆ ತನ್ನಿ.

ಮ್ಯಾನೇಜರ್ ಹಾಕಿಕೊಂಡು ಖಾತೆಗಳನ್ನು ಡೈರಿಯಲ್ಲೇ ಬಿಟ್ಟರೆ ಏನೂ ಆಗಲಿಲ್ಲ. ಇದಕ್ಕೆ ಜಗಳ ಬೇಕಿಲ್ಲ, ಒಂದು ಮಾತು ಸಾಕು: "ತಮ್ಮಾ, ನನ್ನ ಖಾತಿಗಿ ಯಾವ ಮೊಬೈಲ್ ನಂಬರ್ ಅದ ನೋಡು. ನಿಂದಿದ್ರ ತೆಗಿ, ನಂದು ಹಾಕು. ಪಾಸ್‌ವರ್ಡ್ ನಾ ಮನ್ಯಾಗ ಬದಲಿ ಮಾಡ್ಕೋತೀನಿ."

ಕ್ರಮ ಹೀಗಿರಲಿ. ಮೊದಲು ನಂಬರ್, ಆಮೇಲೆ ಇಮೇಲ್, ಕೊನೆಗೆ ಪಾಸ್‌ವರ್ಡ್. ತಿರುವುಮುರುವಾದರೆ, ಪಾಸ್‌ವರ್ಡ್ ಬದಲಿಸಿದರೂ "ಮರೆತಿದ್ದೇನೆ" ಒತ್ತಿ ಹಳೆಯ ನಂಬರಿಗೆ ಒಟಿಪಿ ತರಿಸಿ ಯಾರಾದರೂ ಮತ್ತೆ ಒಳಗೆ ಬರಬಹುದು. ಎಷ್ಟೋ ಮನೆಗಳಲ್ಲಿ ಅರ್ಜಿ ತುಂಬಿದಾಗ ಕೊಟ್ಟ ಇಮೇಲ್ ವಿಳಾಸವೂ ಸೆಂಟರಿನವರೇ ಹುಟ್ಟಿಸಿದ್ದು. ಅದರ ಪಾಸ್‌ವರ್ಡ್ ಮನೆಯವರು ಕೇಳಿಯೇ ಇರುವುದಿಲ್ಲ. ಮಗನ ಸಿಇಟಿ ಸೀಟಿನ ಸುದ್ದಿ ಬರುವುದು ಆ ಇಮೇಲ್‌ಗೆ! ಸಾಧ್ಯವಿದ್ದಲ್ಲಿ ನಿಮ್ಮದೇ ಇಮೇಲ್‌ಗೆ ಬದಲಿಸಿ, ಬದಲಿಸಲು ಬಿಡದ ಪೋರ್ಟಲ್ ಇದ್ದರೆ ಆ ಜಿಮೇಲನ್ನೇ ನಿಮ್ಮ ನಂಬರಿಗೆ ಕಟ್ಟಿಕೊಳ್ಳಿ.

ರೈಲ್ವೆ ಖಾತೆಯನ್ನು ಮರೆಯಬೇಡಿ. ಔರಾದಕ್ಕೆ ರೈಲಿಲ್ಲ, ಬೀದರಿಗೋ ಭಾಲ್ಕಿಗೋ ಹೋಗಿ ಹತ್ತಬೇಕು. ಹಾಗಾಗಿ ಟಿಕೆಟ್ ಮೊದಲೇ ಕೈಯಲ್ಲಿರಬೇಕು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟಿಗೆ ಆಧಾರ್ ದೃಢೀಕರಿಸಿದ ಖಾತೆಯೇ ಬೇಕು. ನಿಮ್ಮ ಆಧಾರ್ ಕಟ್ಟಿದ ಖಾತೆ ಬೇರೆಯವರ ಪಾಸ್‌ವರ್ಡ್‌ನಲ್ಲಿದ್ದರೆ ನಿಮ್ಮ ಹೆಸರಿನಲ್ಲಿ ಟಿಕೆಟ್ ಯಾರು ತೆಗೆಯುತ್ತಿದ್ದಾರೆಂದು ನಿಮಗೆ ತಿಳಿಯುವುದಿಲ್ಲ.

10. ಮ್ಯಾನೇಜರ್ ತುಂಬಲಿಲ್ಲವೆಂದರೆ ನಿಂತು ನೋಡಿ.

ಮ್ಯಾನೇಜರ್ ಪುಟದ ಬಣ್ಣ, ಲಾಂಛನ ನೋಡುವುದಿಲ್ಲ, ವಿಳಾಸ ನೋಡುತ್ತದೆ. ಬ್ಯಾಂಕಿನ ಪುಟದಂತೆಯೇ ಇರುವ ನಕಲಿ ಪುಟಕ್ಕೆ ಕಣ್ಣು ಮೋಸಹೋದೀತು, ಅದು ಹೋಗುವುದಿಲ್ಲ. ಸುಮ್ಮನೆ ಕೂರುತ್ತದೆ. ಆಗ ಕೈಯಾರೆ ನಕಲಿಸಿ ಅಂಟಿಸಲು ಹೋಗಬೇಡಿ, ವಿಳಾಸದ ಸಾಲು ಓದಿ.

ಈಚೆಗೆ ಒಂದು ಬದಲಾವಣೆ ಆಗಿದೆ, ತಿಳಿದಿರಲಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ಹೊಸ ವಿಳಾಸಕ್ಕೆ ಹೋಗಬೇಕಿತ್ತು. ಹಳೆಯ ವಿಳಾಸಕ್ಕೆ ಉಳಿಸಿದ ಪಾಸ್‌ವರ್ಡನ್ನು ಮ್ಯಾನೇಜರ್ ಹೊಸ ವಿಳಾಸದಲ್ಲಿ ತುಂಬದಿರಬಹುದು. ಅದು ಅದರ ತಪ್ಪಲ್ಲ. ಶಾಖೆಯಲ್ಲಿ ಕೇಳಿ ಹೊಸ ವಿಳಾಸ ಖಚಿತ ಮಾಡಿಕೊಂಡು ನೀವೇ ತಿದ್ದಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ "ಹೊಸ ವಿಳಾಸ"ವನ್ನಲ್ಲ.

11. ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಹುಟ್ಟಿಸಿ.

ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿದ ಸುದ್ದಿ 2020ರಲ್ಲಿ ಬಂತು. ತರಕಾರಿ ತರಿಸಿದ ಖಾತೆ ಹೋದರೆ ಹೋಗಲಿ ಅನ್ನಬಹುದು. ಆದರೆ ಅದೇ ಪಾಸ್‌ವರ್ಡ್ ಜಿಮೇಲ್‌ಗೂ ಇದ್ದರೆ? ಕಳ್ಳರು ಒಂದು ಕಡೆ ಸಿಕ್ಕ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ನೂರು ಕಡೆ ಯಂತ್ರದಿಂದ ಹಾಕಿ ನೋಡುತ್ತಾರೆ. ಮ್ಯಾನೇಜರಿನ ಹುಟ್ಟಿಸುವ ಗುಂಡಿ ಒತ್ತಿ, 16 ಅಕ್ಷರವೋ 20 ಅಕ್ಷರವೋ ಇರಲಿ, ನೀವು ಅದನ್ನು ನೋಡಬೇಕಾಗಿಯೂ ಇಲ್ಲ. ಕೆಲವು ಸರ್ಕಾರಿ ಪೋರ್ಟಲ್‌ಗಳು ಉದ್ದಕ್ಕೆ ಮಿತಿ ಹಾಕುತ್ತವೆ. ಅಲ್ಲಿ ಅವರು ಬಿಡುವಷ್ಟು ಉದ್ದ.

12. ಎರಡನೇ ಬೀಗ ಹಾಕಿ, ಅದರ ಕಾಗದ ಮನೆಯಲ್ಲಿಡಿ.

ಲಾಕರ್ ಜಾತಿಯ ಮ್ಯಾನೇಜರಿಗೂ ಜಿಮೇಲಿಗೂ ಎರಡು ಹಂತದ ಭದ್ರತೆ ಹಾಕಲೇಬೇಕು. ಎಸ್‌ಎಂಎಸ್‌ಗಿಂತ ಆಥೆಂಟಿಕೇಟರ್ ಆ್ಯಪ್ ಮೇಲು. ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಕೋಡ್ ಸಿಗುತ್ತದೆ. ಫೋನ್ ಹೊಲದಲ್ಲಿ ಬಿದ್ದು ಹೋದ ದಿನ ಅದೇ ದಾರಿ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿಟ್ಟರೆ ಪ್ರಯೋಜನವಿಲ್ಲ. ಕಾಗದದ ಮೇಲೆ ಬರೆದು, ಮುಖ್ಯ ಪಾಸ್‌ವರ್ಡಿನ ಚೀಟಿ ಜೊತೆ ಲಕೋಟೆಯಲ್ಲಿ ಅಂಟಿಸಿ, ಹೊಲದ ಖರೀದಿ ಪತ್ರ ಇಡುವ ಜಾಗದಲ್ಲಿಡಿ. ಮನೆಯಲ್ಲಿ ಒಬ್ಬರಿಗೆ ಲಕೋಟೆ ಎಲ್ಲಿದೆ ಎಂದು ಹೇಳಿಡಿ. ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾಗ ವಿಮೆಯ ಖಾತೆ ತೆರೆಯಲು ಹೆಂಡತಿ ಮಕ್ಕಳು ಪರದಾಡಬಾರದು. ಮುಖ್ಯ ಪಾಸ್‌ವರ್ಡ್ ಮರೆತರೆ ಬಿಟ್‌ವಾರ್ಡನ್‌ನವರೂ ತೆರೆದುಕೊಡಲಾರರು, ಕೀಪಾಸ್‌ನವರೂ ತೆರೆದುಕೊಡಲಾರರು. ಆ ಅರ್ಥದಲ್ಲಿ ಈ ಲಕೋಟೆಗೆ ಚಿನ್ನದ ಬೆಲೆ.

ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಲಕೋಟೆಯಲ್ಲೂ ಬೇಡ, ಮ್ಯಾನೇಜರಿನಲ್ಲೂ ಬೇಡ. ಅವು ತಲೆಯಲ್ಲೇ ಇರಲಿ. ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೆ ಬ್ಯಾಂಕಿಗೂ.

13. ಎಲ್ಲವನ್ನೂ ಒಂದೇ ರಾತ್ರಿ ಮಾಡಲು ಹೋಗಬೇಡಿ.

ದಿನಕ್ಕೆ ಎರಡು ಖಾತೆ ಸಾಕು. ಮೊದಲು ಜಿಮೇಲ್, ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕು, ಆದಾಯ ತೆರಿಗೆ, ಪಿಎಫ್. ಆಮೇಲೆ ರೈಲ್ವೆ, ಫ್ರೂಟ್ಸ್, ಸೇವಾ ಸಿಂಧು. ಮಕ್ಕಳ ಎಸ್‌ಎಸ್‌ಪಿ, ಕೆಇಎ ಖಾತೆಗಳನ್ನು ಅರ್ಜಿಯ ಕೊನೆಯ ದಿನ ಹತ್ತಿರವಿಲ್ಲದಾಗ ಬದಲಿಸಿ. ಆ ದಿನಗಳಲ್ಲಿ ಸರ್ವರ್ ತೆವಳುತ್ತಿರುತ್ತದೆ, ಬದಲಾಯಿತೋ ಇಲ್ಲವೋ ತಿಳಿಯದೆ ಮತ್ತೆ ಮತ್ತೆ ಒತ್ತಿ ಖಾತೆ ಲಾಕ್ ಆಗುತ್ತದೆ. ಪ್ರತಿ ಸಲವೂ ಹೊಸ ಪಾಸ್‌ವರ್ಡನ್ನು ಮೊದಲು ಮ್ಯಾನೇಜರಿನಲ್ಲಿ ಉಳಿಸಿ, ಆಮೇಲೆ ಪೋರ್ಟಲ್‌ನಲ್ಲಿ ಹಾಕಿ. ಲಾಗ್‌ಔಟ್ ಆಗಿ ಅದರಿಂದಲೇ ಒಮ್ಮೆ ಒಳಗೆ ಹೋಗಿ ನೋಡಿದ ಮೇಲೆಯೇ ಮುಂದಿನ ಖಾತೆಗೆ ಕೈಹಾಕಿ.